ಅಮೆರಿಕದ ರಂಗಭೂಮಿಯಲ್ಲಿ ಲ್ಯಾಟಿನೋ ನಾಟಕಕಾರರು

ಕಾವ್ಯವನ್ನು ಒಬ್ಬನು ಏಕಾಂತದಲ್ಲಿ ಬರೆಯಬಹುದು. ಇನ್ನೊಬ್ಬನು ಏಕಾಂತದಲ್ಲಿ ಓದಬಹುದು. ನಾಟಕಕ್ಕೆ ಆ ಸೌಕರ್ಯವಿಲ್ಲ. ಆಡುವವರ ಎದುರಿಗೆ ನೋಡುವವರು ಕುಳಿತ ಹೊರತು ಅದು ನಾಟಕವೆನಿಸಲಾರದು. ಆದುದರಿಂದ ಒಂದು ಜನಾಂಗವು ರಂಗದ ಮೇಲೆ ನಿಂತು ‘ನಾವು ಇಂಥವರು’ ಎಂದು ಹೇಳಿಕೊಳ್ಳಹೊರಟಾಗ, ಅದು ಏನನ್ನು ಹೇಳಿತೆಂಬ ಪ್ರಶ್ನೆಯೊಡನೆಯೇ, ಯಾರ ಎದುರಿಗೆ ಹೇಳಿತು, ಯಾವ ಭಾಷೆಯಲ್ಲಿ ಹೇಳಿತು ಎಂಬ ಪ್ರಶ್ನೆಯೂ ಏಳುವುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಲ್ಯಾಟಿನೋ ನಾಟಕಕಾರರು ಕಳೆದ ಅರುವತ್ತು ವರ್ಷಗಳಲ್ಲಿ ನಡೆಸಿರುವ ಪ್ರಯತ್ನದ ಇತಿಹಾಸವು ಈ ಎರಡನೆಯ ಪ್ರಶ್ನೆಯ ಸುತ್ತಲೂ ತಿರುಗುತ್ತದೆ.

ಮೊದಲು ಹೆಸರಿನ ವಿಷಯ. ‘ಲ್ಯಾಟಿನೋ’ ಎಂಬುದು ಒಂದು ಕುಲದ ಹೆಸರಲ್ಲ, ಒಂದು ದೇಶದ ಹೆಸರೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕ, ಮೆಕ್ಸಿಕೊ ಹಾಗೂ ಕೆರಿಬಿಯನ್ ದ್ವೀಪಗಳಿಂದ ಬಂದು ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿದವರಿಗೂ ಅವರ ಸಂತತಿಯವರಿಗೂ ಸೇರಿಸಿ ಇಟ್ಟ ಹೆಸರು ಅದು. ಈ ಜನರಲ್ಲಿ ಒಂದು ಪಂಗಡದವರು ಎಲ್ಲಿಂದಲೂ ಬಂದವರೇ ಅಲ್ಲ. ೧೮೪೮ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊ ದೇಶವು ಕ್ಯಾಲಿಫೋರ್ನಿಯ ಮೊದಲಾದ ವಿಶಾಲ ಪ್ರಾಂತ್ಯಗಳನ್ನು ಕಳೆದುಕೊಂಡಾಗ, ಅಲ್ಲಿದ್ದವರು ಇದ್ದ ಮನೆಯಲ್ಲಿಯೇ ಇದ್ದು ಬೇರೆ ದೇಶದ ಪ್ರಜೆಗಳಾದರು. ಇವರ ವಂಶದವರೂ ತರುವಾಯ ಗಡಿ ದಾಟಿ ದುಡಿಯಬಂದ ಮೆಕ್ಸಿಕನರ ಮಕ್ಕಳೂ ೧೯೬೦ರ ದಶಕದಲ್ಲಿ ತಮ್ಮನ್ನು ‘ಚಿಕಾನೊ’ ಎಂದು ಅಭಿಮಾನದಿಂದ ಕರೆದುಕೊಳ್ಳತೊಡಗಿದರು. ಪೋರ್ಟೊ ರಿಕೊ ದ್ವೀಪವು ೧೮೯೮ರ ಯುದ್ಧದಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಬಂದಿತು. ೧೯೧೭ರಲ್ಲಿ ಅಲ್ಲಿಯವರಿಗೆ ಅಮೆರಿಕದ ಪೌರತ್ವವು ದೊರೆಯಿತು. ಕ್ಯೂಬಾದಿಂದ ಹಿಂದೆಯೂ ಜನರು ಬಂದಿದ್ದರಾದರೂ, ೧೯೫೯ರ ಕ್ರಾಂತಿಯ ತರುವಾಯ ಲಕ್ಷಾಂತರ ಮಂದಿ ದೇಶವನ್ನು ತೊರೆದು ಬಂದರು. ಹೀಗೆ ಭೂಮಿಯನ್ನು ಕಳೆದುಕೊಂಡವರು, ದುಡಿಯಲು ಬಂದವರು, ದೇಶಭ್ರಷ್ಟರಾಗಿ ಬಂದವರು ಎಲ್ಲರೂ ಒಂದೇ ಹೆಸರಿನ ಕೆಳಗೆ ಸೇರಿದ್ದಾರೆ. ೨೦೨೦ರ ಜನಗಣತಿಯಲ್ಲಿ ಇವರ ಸಂಖ್ಯೆ ಆರು ಕೋಟಿ ಇಪ್ಪತ್ತು ಲಕ್ಷವನ್ನು ಮೀರಿತ್ತು.

ಈ ಜನರಿಗೆ ನಾಟಕವು ಹೊಸದಲ್ಲ. ೧೫೯೮ರಲ್ಲಿ ಸ್ಪೇನಿನ ದಂಡು ರಿಯೊ ಗ್ರಾಂಡೆ ನದಿಯ ತೀರದಲ್ಲಿ ಬೀಡುಬಿಟ್ಟಾಗ, ಕ್ಯಾಪ್ಟನ್ ಫರ್ಫಾನ್ ಎಂಬವನು ರಚಿಸಿದ ಒಂದು ನಾಟಕವನ್ನು ಸೈನಿಕರು ಆಡಿದರೆಂದು ಚರಿತ್ರಕಾರರು ಹೇಳುತ್ತಾರೆ. ಇಂಗ್ಲಿಷರು ವರ್ಜೀನಿಯದಲ್ಲಿ ಜೇಮ್ಸ್‌ಟೌನನ್ನು ಕಟ್ಟಿದುದು ಅದಕ್ಕೆ ಒಂಬತ್ತು ವರ್ಷಗಳ ಮೇಲೆ. ಕ್ರಿಸ್ತಜನನದ ಕಾಲದಲ್ಲಿ ಕುರುಬರ ಕಥೆಯನ್ನಾಡುವ ಪದ್ಧತಿಯು ನ್ಯೂ ಮೆಕ್ಸಿಕೊ, ಟೆಕ್ಸಾಸುಗಳ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ‘ಕಾರ್ಪಾ’ ಎಂಬ ಡೇರೆಯ ನಾಟಕಮಂಡಲಿಗಳು ಹಾಡು, ಹಾಸ್ಯ, ದೊಂಬರಾಟಗಳನ್ನು ಹೊತ್ತು ಊರೂರು ತಿರುಗಿದವು. ೧೯೨೦ರ ದಶಕದಲ್ಲಿ ಲಾಸ್ ಏಂಜಲೀಸ್, ಸ್ಯಾನ್ ಅಂಟೋನಿಯೊ ನಗರಗಳಲ್ಲಿ ಸ್ಪ್ಯಾನಿಷ್ ನಾಟಕಶಾಲೆಗಳು ತುಂಬಿ ನಡೆದುವು. ಆ ಮೇಲೆ ಬಂದ ಆರ್ಥಿಕ ಮುಗ್ಗಟ್ಟು, ಮಾತಾಡುವ ಚಲಚ್ಚಿತ್ರ, ಮೆಕ್ಸಿಕನರನ್ನು ಗುಂಪುಗುಂಪಾಗಿ ಗಡಿಯಾಚೆ ಕಳುಹಿಸಿದ ಕ್ರಮ, ಇವು ಮೂರೂ ಕೂಡಿ ಆ ರಂಗಭೂಮಿಯನ್ನು ಬಡವಾಗಿಸಿದುವು.

ಅತ್ತ ಇಂಗ್ಲಿಷ್ ರಂಗಭೂಮಿಯಲ್ಲಿ ಈ ಜನರ ಪಾತ್ರಗಳಿದ್ದುವು. ಬರೆಯುವ ಕೈ ಮಾತ್ರ ಬೇರೆಯವರದು. ೧೯೫೭ರಲ್ಲಿ ಬ್ರಾಡ್‌ವೇಯಲ್ಲಿ ಪ್ರಸಿದ್ಧವಾದ ‘ವೆಸ್ಟ್ ಸೈಡ್ ಸ್ಟೋರಿ’ ಎಂಬ ಸಂಗೀತನಾಟಕವು ನ್ಯೂಯಾರ್ಕಿನ ಪೋರ್ಟೊ ರಿಕನ್ ತರುಣರ ಕಥೆಯನ್ನು ಹೇಳುತ್ತದೆ. ಕಥೆ, ಹಾಡು, ಸಂಗೀತ, ನೃತ್ಯಗಳನ್ನು ರಚಿಸಿದ ನಾಲ್ವರಲ್ಲಿ ಒಬ್ಬನಾದರೂ ಪೋರ್ಟೊ ರಿಕೊದವನಲ್ಲ. ಆ ಕೃತಿಯ ಸೊಗಸನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಂದು ಜನಾಂಗವನ್ನು ಲೋಕವು ಬೇರೆಯವರ ಬಾಯಿಂದಲೇ ಕೇಳಿ ತಿಳಿಯುತ್ತಿದ್ದಿತೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು.

ಈ ಸ್ಥಿತಿಯನ್ನು ಬದಲಾಯಿಸಿದ ಪ್ರಯತ್ನವು ನಾಟಕಶಾಲೆಯಲ್ಲಿ ಹುಟ್ಟಲಿಲ್ಲ. ದ್ರಾಕ್ಷಿಯ ತೋಟದ ಬದಿಯಲ್ಲಿ ಹುಟ್ಟಿತು. ೧೯೬೫ನೆಯ ಸೆಪ್ಟೆಂಬರ್ ೮ರಂದು ಕ್ಯಾಲಿಫೋರ್ನಿಯದ ಡೆಲೆನೊ ಎಂಬಲ್ಲಿ ಫಿಲಿಪೀನೊ ಕೂಲಿಗಾರರು ಲ್ಯಾರಿ ಇಟ್ಲಿಯಾಂಗನ ಮುಂದಾಳುತನದಲ್ಲಿ ಮುಷ್ಕರವನ್ನು ಹೂಡಿದರು. ಎಂಟು ದಿನಗಳ ಮೇಲೆ ಸೀಸರ್ ಚಾವೆಸನ ಸಂಘಕ್ಕೆ ಸೇರಿದ ಮೆಕ್ಸಿಕನ್ ಕೂಲಿಗಾರರೂ ಅದರಲ್ಲಿ ಕೂಡಿಕೊಂಡರು. ಅದೇ ವರ್ಷ ಲೂಯಿಸ್ ವಾಲ್ಡೆಸ್ ಎಂಬ ಇಪ್ಪತ್ತೈದು ವರ್ಷದ ತರುಣನು ಅಲ್ಲಿಗೆ ಬಂದನು. ಅವನು ೧೯೪೦ರಲ್ಲಿ ಅದೇ ಡೆಲೆನೊದಲ್ಲಿ, ಬೆಳೆಯಿದ್ದ ಕಡೆಗೆ ಅಲೆದು ದುಡಿಯುವ ಕೂಲಿಗಾರರ ಮನೆಯಲ್ಲಿ ಹುಟ್ಟಿದವನು. ಕಾಲೇಜಿನಲ್ಲಿ ಓದಿ, ಸ್ಯಾನ್ ಫ್ರಾನ್ಸಿಸ್ಕೊದ ಒಂದು ಬಯಲುನಾಟಕದ ತಂಡದಲ್ಲಿ ಪಳಗಿದ್ದವನು. ಅಗುಸ್ತಿನ್ ಲೀರಾ ಎಂಬ ಗಾಯಕನೇ ಮೊದಲಾದ ಮುಷ್ಕರಗಾರರನ್ನು ಕೂಡಿಸಿಕೊಂಡು ಅವನು ಕಟ್ಟಿದ ಮಂಡಲಿಗೆ ‘ಎಲ್ ತಿಯಾತ್ರೊ ಕಾಂಪೆಸೀನೊ’, ಎಂದರೆ ಹೊಲದ ಕೂಲಿಗಾರರ ನಾಟಕಮಂಡಲಿ, ಎಂದು ಹೆಸರಾಯಿತು.

ಈ ಮಂಡಲಿಗೆ ರಂಗಮಂದಿರವಿರಲಿಲ್ಲ, ಪರದೆಯಿರಲಿಲ್ಲ, ಬರೆದ ನಾಟಕವೂ ಇರಲಿಲ್ಲ. ಪಕ್ಕದ ಹಲಗೆಗಳಿಲ್ಲದ ಒಂದು ಲಾರಿಯೇ ರಂಗಸ್ಥಳ. ‘ಆಕ್ಟೊ’ಗಳೆಂಬ ಹದಿನೈದು ಇಪ್ಪತ್ತು ನಿಮಿಷಗಳ ಪ್ರಹಸನಗಳನ್ನು ಕೂಲಿಗಾರರೇ ಕೂಡಿ ಕಟ್ಟಿ ಆಡುತ್ತಿದ್ದರು. ನಟನ ಕೊರಳಲ್ಲಿ ಒಂದು ಫಲಕವನ್ನು ತೂಗುಹಾಕಿದರೆ ಪಾತ್ರವು ಸಿದ್ಧವಾದಂತೆ: ಒಬ್ಬನು ‘ಮುಷ್ಕರಗಾರ’, ಇನ್ನೊಬ್ಬನು ‘ಮುಷ್ಕರ ಮುರಿಯುವವ’, ಮತ್ತೊಬ್ಬನು ‘ಧಣಿ’. ೧೯೬೫ರ ಒಂದು ಪ್ರಹಸನದಲ್ಲಿ ಹಂದಿಯ ಮುಖವಾಡವನ್ನು ತೊಟ್ಟ ಧಣಿಯು ಕೂಲಿಯ ಬಾಳು ಎಷ್ಟು ನಿಶ್ಚಿಂತವಾದುದೆಂದು ಹೊಗಳಿ, ಒಂದು ಗಳಿಗೆ ತಮ್ಮಿಬ್ಬರ ಪಾತ್ರಗಳನ್ನು ಅದಲುಬದಲಾಗಿಸೋಣವೆನ್ನುತ್ತಾನೆ. ಮುಖವಾಡವು ಕೂಲಿಯ ಮುಖಕ್ಕೆ ಬಂದೊಡನೆ ಅವನೇ ಧಣಿಯಾಗುತ್ತಾನೆ. ನಿಜವಾದ ಧಣಿಯನ್ನು ಅವನ ಕಾವಲುಗಾರನೇ ಗುರುತಿಸದೆ ಎಳೆದೊಯ್ಯುತ್ತಾನೆ. ಆಗ ಆ ಧಣಿಯು ಮೊರೆಯಿಡುವುದು ಮುಷ್ಕರದ ಮುಂದಾಳಾದ ಚಾವೆಸನಿಗೇ. ನೋಡುತ್ತಿದ್ದ ಕೂಲಿಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯೊಳಗೆ, ಧಣಿತನವು ಹುಟ್ಟಿನಿಂದ ಬಂದುದಲ್ಲ, ತೊಟ್ಟುಕೊಂಡ ಮುಖವಾಡ ಮಾತ್ರ, ಎಂಬ ತಿಳಿವೂ ಸೇರಿತ್ತು. ೧೯೬೬ರ ವಸಂತದಲ್ಲಿ ಮುಷ್ಕರಗಾರರು ರಾಜಧಾನಿಯಾದ ಸ್ಯಾಕ್ರಮೆಂಟೊಗೆ ಕಾಲ್ನಡಿಗೆಯಲ್ಲಿ ಹೊರಟಾಗ, ತಂಗಿದ ಊರುಗಳಲ್ಲಿ ಸಂಜೆಯ ಹೊತ್ತು ಈ ಮಂಡಲಿಯ ಆಟಗಳು ನಡೆದುವು.

ಇಲ್ಲಿ ಆಡುವವರೂ ನೋಡುವವರೂ ಒಂದೇ ಜನ. ಸ್ಪ್ಯಾನಿಷ್, ಇಂಗ್ಲಿಷು ಎರಡನ್ನೂ ಬೆರೆಸಿ ಮನೆಯಲ್ಲಿ ಆಡುವ ಮಾತೇ ರಂಗದ ಮಾತು. ಯಾರಿಗೂ ಯಾವುದನ್ನೂ ವಿವರಿಸಬೇಕಾದ ಅಗತ್ಯವಿರಲಿಲ್ಲ. ಈ ಸೌಭಾಗ್ಯವು ಮುಂದೆ ಅದೇ ನಾಟಕಕಾರನಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ.

೧೯೬೭ರಲ್ಲಿ ಮಂಡಲಿಯು ಕಾರ್ಮಿಕ ಸಂಘದಿಂದ ಬೇರೆಯಾಯಿತು. ಸಂಘಕ್ಕೆ ಬೇಕಾದುದು ಮುಷ್ಕರದ ಗೆಲವು. ಮಂಡಲಿಗೆ ಮುಷ್ಕರದಾಚೆಯ ಬದುಕೂ ಬೇಕಾಗಿತ್ತು. ಅದೇ ವರ್ಷದ ‘ಲಾಸ್ ವೆಂಡೀಡೋಸ್’ (ಮಾರಿಹೋದವರು) ಎಂಬ ಪ್ರಹಸನದಲ್ಲಿ ಈ ತಿರುವು ಕಾಣುತ್ತದೆ. ಸಾಂಚೊ ಎಂಬ ವ್ಯಾಪಾರಿಯ ಅಂಗಡಿಯಲ್ಲಿ ಮೆಕ್ಸಿಕನರ ಗೊಂಬೆಗಳು ಮಾರಾಟಕ್ಕಿವೆ: ಕೂಲಿಗಾರ, ಪೋಲಿ ಹುಡುಗ, ಹಳೆಯ ಕ್ರಾಂತಿವೀರ, ಅಚ್ಚುಕಟ್ಟಾದ ವಿದ್ಯಾವಂತ. ಗವರ್ನರನ ಕಚೇರಿಯಿಂದ ಒಬ್ಬ ಕಾರ್ಯದರ್ಶಿನಿಯು ಸರಕಾರದ ಸಮಾರಂಭದಲ್ಲಿ ಮುಂದೆ ಕೂರಿಸಲು ಒಂದು ಗೊಂಬೆಯನ್ನು ಕೊಳ್ಳಲು ಬರುತ್ತಾಳೆ. ಅವಳೂ ಮೆಕ್ಸಿಕನಳೇ, ತನ್ನ ಹೆಸರನ್ನು ಮಾತ್ರ ಇಂಗ್ಲಿಷಿನ ಉಚ್ಚಾರದಲ್ಲಿ ಹೇಳಬೇಕೆಂದು ಹಟಹಿಡಿಯುತ್ತಾಳೆ. ಕೊನೆಯಲ್ಲಿ ಗೊಂಬೆಗಳೆಲ್ಲ ಜೀವಂತ ಮನುಷ್ಯರೆಂದೂ ವ್ಯಾಪಾರಿಯೇ ನಿಜವಾದ ಗೊಂಬೆಯೆಂದೂ ಬಯಲಾಗುತ್ತದೆ. ಒಂದು ಜನಾಂಗದ ಗುರುತೇ ಸರಕಾದಾಗ ಆಗುವ ಅವಮಾನವನ್ನು ಈ ಸಣ್ಣ ಆಟವು ಹಿಡಿದಿಟ್ಟಿತು. ಕೊಳ್ಳುವವರು ಬಯಸಿದ ಅಚ್ಚಿನಲ್ಲಿ ತನ್ನನ್ನು ಎರಕಹೊಯ್ದುಕೊಳ್ಳುವ ಭಯವು ಮುಂದಿನ ನಾಟಕಕಾರರನ್ನೆಲ್ಲ ಕಾಡಿತು.

ಆ ಭಯದ ಪರೀಕ್ಷೆಯು ವಾಲ್ಡೆಸನಿಗೆ ಹತ್ತು ವರ್ಷಗಳ ಮೇಲೆ ಬಂದಿತು. ಲಾಸ್ ಏಂಜಲೀಸಿನ ಮಾರ್ಕ್ ಟೇಪರ್ ಫೋರಮ್ ಎಂಬ ಪ್ರತಿಷ್ಠಿತ ರಂಗಮಂದಿರದ ನಿರ್ದೇಶಕನಾದ ಗಾರ್ಡನ್ ಡೇವಿಡ್‌ಸನ್ನನು ಆ ನಗರದ ಚರಿತ್ರೆಯ ಮೇಲೆ ಒಂದು ನಾಟಕವನ್ನು ಬರೆಯಲು ಅವನನ್ನು ಆಹ್ವಾನಿಸಿದನು. ವಾಲ್ಡೆಸನು ಆರಿಸಿಕೊಂಡುದು ನಗರವು ಮರೆಯಬಯಸಿದ್ದ ಪ್ರಸಂಗವನ್ನು. ೧೯೪೨ರ ಆಗಸ್ಟಿನಲ್ಲಿ ‘ಸ್ಲೀಪಿ ಲಗೂನ್’ ಎಂಬ ನೀರಿನ ಹೊಂಡದ ಸಮೀಪದಲ್ಲಿ ಒಬ್ಬ ತರುಣನು ಗಾಯಗೊಂಡು ಸತ್ತನು. ಅದಕ್ಕಾಗಿ ಇಪ್ಪತ್ತೆರಡು ಮಂದಿ ತರುಣರನ್ನು ಒಟ್ಟಿಗೆ ವಿಚಾರಣೆಗೆ ಗುರಿಪಡಿಸಿದರು. ವಕೀಲರ ಪಕ್ಕದಲ್ಲಿ ಕುಳಿತು ಮಾತಾಡುವ ಅವಕಾಶವನ್ನು ಅವರಿಗೆ ಕೊಡಲಿಲ್ಲ. ೧೯೪೩ರ ಜನವರಿಯಲ್ಲಿ ಹದಿನೇಳು ಮಂದಿಗೆ ಶಿಕ್ಷೆಯಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ನಾವಿಕರು ಮತ್ತು ಸೈನಿಕರು ಬೀದಿಗಳಲ್ಲಿ ಮೆಕ್ಸಿಕನ್ ಹುಡುಗರನ್ನು ಹಿಡಿದು ಹೊಡೆದು ಅವರ ಬಟ್ಟೆಗಳನ್ನು ಕಿತ್ತರು. ಆ ಬಟ್ಟೆಯೇ ‘ಜೂಟ್ ಸೂಟ್’: ಅಗಲವಾದ ಭುಜ, ಮೊಣಕಾಲಿನವರೆಗಿನ ಕೋಟು, ಸಡಿಲವಾಗಿದ್ದು ಹರಡಿನಲ್ಲಿ ಬಿಗಿಯಾಗುವ ಷರಾಯಿ. ಯುದ್ಧಕಾಲದಲ್ಲಿ ಬಟ್ಟೆಗೆ ನಿರ್ಬಂಧವಿದ್ದುದರಿಂದ ಅದನ್ನು ತೊಡುವುದು ದೇಶದ್ರೋಹವೆಂಬ ಮಾತೂ ಹುಟ್ಟಿಕೊಂಡಿತು. ಆ ಉಡುಪಿನ ಮೆಕ್ಸಿಕನ್ ತರುಣರಿಗೆ ‘ಪಾಚುಕೊ’ಗಳೆಂದು ಹೆಸರು. ೧೯೪೪ರ ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯವು ಶಿಕ್ಷೆಗಳನ್ನು ರದ್ದುಮಾಡಿತು. ಅಷ್ಟರಲ್ಲಿ ಹಲವರು ಸುಮಾರು ಎರಡು ವರ್ಷ ಸೆರೆಯಲ್ಲಿ ಕಳೆದಿದ್ದರು.

‘ಜೂಟ್ ಸೂಟ್’ ನಾಟಕವು ೧೯೭೮ರ ಆಗಸ್ಟಿನಲ್ಲಿ ರಂಗಕ್ಕೆ ಬಂದಿತು. ಆರಂಭದಲ್ಲಿ ಪರದೆಯ ಸ್ಥಾನದಲ್ಲಿ ವರ್ತಮಾನಪತ್ರಿಕೆಯ ಬೃಹತ್ತಾದ ಮೊದಲ ಪುಟವು ಇಳಿಬಿದ್ದಿರುತ್ತದೆ. ಹಿಂದಿನಿಂದ ಒಂದು ಚೂರಿಯು ಅದನ್ನು ಸೀಳುತ್ತದೆ. ಆ ಸೀಳಿನೊಳಗಿಂದ ಪಾಚುಕೊ ಹೊರಬರುತ್ತಾನೆ. ತನ್ನ ಜನರ ಬೀದಿಮಾತಿನಲ್ಲಿ ಆರಂಭಿಸಿ, ಥಟ್ಟನೆ ನಿರ್ದುಷ್ಟವಾದ ಇಂಗ್ಲಿಷಿನಲ್ಲಿ ಸಭಿಕರನ್ನು ಮಾತಾಡಿಸುತ್ತಾನೆ. ಅವನು ಸೂತ್ರಧಾರನೂ ಹೌದು, ಕಥಾನಾಯಕನಾದ ಹೆನ್ರಿ ರೇನಾನ ಅಂತರಾತ್ಮವೂ ಹೌದು. ಕೊನೆಯಲ್ಲಿ ಹೆನ್ರಿಯ ಮುಂದಿನ ಬಾಳು ಏನಾಯಿತೆಂಬುದಕ್ಕೆ ಒಂದೇ ಉತ್ತರವಿಲ್ಲ. ಮತ್ತೆ ಸೆರೆಮನೆಯನ್ನು ಸೇರಿ ಕೆಟ್ಟು ಸತ್ತನೆಂದು ಪತ್ರಿಕೆಯು ಹೇಳುತ್ತದೆ. ಕೊರಿಯದ ಯುದ್ಧದಲ್ಲಿ ವೀರಮರಣವನ್ನು ಪಡೆದನೆಂದು ಒಬ್ಬನು. ಮದುವೆಯಾಗಿ ಮಕ್ಕಳೊಂದಿಗನಾದನೆಂದು ಇನ್ನೊಬ್ಬಳು. ಪತ್ರಿಕೆಯ ಒಂದು ಕಥೆಗೆ ಎದುರಾಗಿ ಹಲವು ಕಥೆಗಳನ್ನು ನಿಲ್ಲಿಸುವುದರಲ್ಲಿಯೇ ನಾಟಕದ ಉತ್ತರವಿದೆ.

ಲಾಸ್ ಏಂಜಲೀಸಿನಲ್ಲಿ ಜನರು ಮುಗಿಬಿದ್ದರು. ಆ ಘಟನೆಗಳನ್ನು ಕಂಡವರೂ ಕೇಳಿದವರೂ, ಅದಕ್ಕೆ ಮೊದಲು ಅಂಥ ರಂಗಮಂದಿರದ ಮೆಟ್ಟಿಲನ್ನು ಹತ್ತದಿದ್ದ ಕುಟುಂಬಗಳೂ ಬಂದುವು. ನಾಟಕವು ಬೇರೆ ಮಂದಿರಕ್ಕೆ ವರ್ಗವಾಗಿ ತಿಂಗಳುಗಟ್ಟಲೆ ನಡೆಯಿತು. ೧೯೭೯ರ ಮಾರ್ಚಿ ೨೫ರಂದು ಅದು ನ್ಯೂಯಾರ್ಕಿನ ವಿಂಟರ್ ಗಾರ್ಡನ್ ನಾಟಕಶಾಲೆಯಲ್ಲಿ ಆರಂಭವಾಯಿತು. ಚಿಕಾನೊ ನಾಟಕವೊಂದು ಬ್ರಾಡ್‌ವೇಯನ್ನು ಸೇರಿದುದು ಅದೇ ಮೊದಲು. ಪಾಚುಕೊ ಪಾತ್ರಧಾರಿಯಾದ ಎಡ್ವರ್ಡ್ ಜೇಮ್ಸ್ ಓಲ್ಮೋಸನ ಅಭಿನಯಕ್ಕೆ ಮನ್ನಣೆ ಬಂದಿತು, ನಾಟಕಕ್ಕೆ ಬರಲಿಲ್ಲ. ಅಲ್ಲಿಯ ವಿಮರ್ಶಕರು ಬಹುಮಟ್ಟಿಗೆ ಪ್ರತಿಕೂಲವಾಗಿ ಬರೆದರು. ನಲವತ್ತೊಂದು ಪ್ರಯೋಗಗಳ ಮೇಲೆ, ಏಪ್ರಿಲ್ ತಿಂಗಳ ಕೊನೆಯಲ್ಲಿ, ನಾಟಕವು ನಿಂತುಹೋಯಿತು.

ನಾಟಕವು ಅದೇ, ನಾಯಕನಟನೂ ಅವನೇ. ಬದಲಾದುದು ಎದುರಿಗೆ ಕುಳಿತವರು. ನ್ಯೂಯಾರ್ಕಿನ ಸಭಿಕರಿಗೆ ೧೯೪೩ರ ಬೀದಿಗಲಭೆಯು ದೂರದ ಸುದ್ದಿ. ಅಲ್ಲಿಯ ಸ್ಪ್ಯಾನಿಷ್ ಭಾಷಿಕರಲ್ಲಿ ಪೋರ್ಟೊ ರಿಕನರೇ ಬಹುಸಂಖ್ಯಾತರು. ಅವರಿಗೂ ಪಾಚುಕೊ ಪರಕೀಯನೇ. ಲಾರಿಯ ಮೇಲೆ ಒಂದು ಫಲಕದಿಂದ ತಿಳಿಯುತ್ತಿದ್ದುದನ್ನು ಇಲ್ಲಿ ಎಷ್ಟು ವಿವರಿಸಿದರೂ ಮುಟ್ಟಿಸಲಾಗಲಿಲ್ಲ. ಚಿಕಾನೊ ವಿಮರ್ಶಕರಲ್ಲಿ ಕೆಲವರ ಆಕ್ಷೇಪಣೆಯು ಇದಕ್ಕೆ ವಿರುದ್ಧವಾದುದು: ದೊಡ್ಡ ರಂಗಕ್ಕೆ ಹೊಂದಿಕೊಳ್ಳುವ ಸಲುವಾಗಿ ನಾಟಕವು ಬಿಳಿಯ ಹಿತೈಷಿಗಳ ಪಾತ್ರವನ್ನು ಹಿಗ್ಗಿಸಿ, ತನ್ನವರೇ ನಡೆಸಿದ ಹೋರಾಟವನ್ನು ಕುಗ್ಗಿಸಿತೆಂದು ಅವರು ಹೇಳಿದರು. ಎರಡು ಕಡೆಯ ಆಕ್ಷೇಪಣೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಾಟಕಕಾರನ ಇಕ್ಕಟ್ಟು ಅರ್ಥವಾಗುತ್ತದೆ. ತನ್ನವರಿಗಾಗಿ ಬರೆದರೆ ಹೊರಗಿನವರಿಗೆ ತಿಳಿಯದು. ಹೊರಗಿನವರಿಗಾಗಿ ವಿವರಿಸಹೊರಟರೆ ತನ್ನವರ ಮಾತು ತೆಳುವಾಗುವುದು. ೧೯೮೧ರಲ್ಲಿ ನಾಟಕವು ಚಲಚ್ಚಿತ್ರವಾಯಿತು. ೨೦೧೭ರಲ್ಲಿ ಹುಟ್ಟಿದ ಮಂದಿರದಲ್ಲಿಯೇ ಮತ್ತೆ ಆಡಲ್ಪಟ್ಟು ಜನರನ್ನು ಸೆಳೆಯಿತು.

ಪೂರ್ವತೀರದ ಪೋರ್ಟೊ ರಿಕನರು ಇದೇ ಪ್ರಶ್ನೆಗೆ ಬೇರೆ ಉತ್ತರವನ್ನು ಹುಡುಕಿದರು. ರೆನೆ ಮಾರ್ಕೆಸನ ‘ಲಾ ಕರೇತಾ’ (ಎತ್ತಿನ ಗಾಡಿ) ಎಂಬ ನಾಟಕವು ೧೯೫೩ರಲ್ಲಿ ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಯೋಗವಾಯಿತು. ಬೆಟ್ಟದ ಹಳ್ಳಿಯನ್ನು ಬಿಟ್ಟ ಒಂದು ಸಂಸಾರವು ಮೊದಲು ಪಟ್ಟಣದ ಕೊಳೆಗೇರಿಗೂ ಅಲ್ಲಿಂದ ನ್ಯೂಯಾರ್ಕಿಗೂ ಬರುತ್ತದೆ. ಯಂತ್ರವನ್ನು ನಂಬಿದ ಮಗನು ಯಂತ್ರಕ್ಕೇ ಬಲಿಯಾಗುತ್ತಾನೆ. ೧೯೬೬ರಲ್ಲಿ ಅದರ ಇಂಗ್ಲಿಷ್ ರೂಪದಲ್ಲಿ ನಟಿಸಿದ ಮಿರಿಯಂ ಕೊಲೋನ್ ಎಂಬಾಕೆಯು, ನಾಟಕಶಾಲೆಗೆ ಬರಲಾರದ ಬಡವರ ಬಳಿಗೆ ನಾಟಕವೇ ಹೋಗಬೇಕೆಂದು ನಿಶ್ಚಯಿಸಿ, ೧೯೬೭ರಲ್ಲಿ ‘ಪೋರ್ಟೊ ರಿಕನ್ ಸಂಚಾರಿ ನಾಟಕಮಂಡಲಿ’ಯನ್ನು ಸ್ಥಾಪಿಸಿದಳು. ನಗರದ ಬೀದಿಗಳಲ್ಲಿಯೂ ಉದ್ಯಾನಗಳಲ್ಲಿಯೂ ಅದರ ಪ್ರಯೋಗಗಳು ನಡೆದುವು.

ಸ್ವಜನರ ರಂಗದಲ್ಲಿಯೂ ಮೌನವಾಗಿ ಉಳಿದವರಿದ್ದರು. ಕೂಲಿಗಾರರ ಮಂಡಲಿಯ ಆಟಗಳಲ್ಲಿ ಹೆಂಗಸಿಗೆ ತಾಯಿ, ಅಜ್ಜಿ, ನಲ್ಲೆ ಇಂಥ ಕೆಲವೇ ಪಾತ್ರಗಳು. ವಾಲ್ಡೆಸನ ತಂಗಿಯೂ ಸಮರ್ಥ ನಟಿಯೂ ಆದ ಸೊಕೊರೊ ವಾಲ್ಡೆಸಳು ತನ್ನ ಶಕ್ತಿಗೆ ತಕ್ಕ ಅವಕಾಶವನ್ನು ಗಂಡುವೇಷಗಳಲ್ಲಿಯೂ ಅಸ್ಥಿಪಂಜರದ ವೇಷದಲ್ಲಿಯೂ ಕಂಡುಕೊಳ್ಳಬೇಕಾಯಿತು. ಈ ಕೊರತೆಯನ್ನು ಮುಂದಿನ ತಲೆಮಾರಿನ ಲೇಖಕಿಯರು ತುಂಬಿದರು. ಹೊಸೆಫೀನಾ ಲೋಪೆಸಳ ‘ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್’ ೧೯೯೦ರಲ್ಲಿ ಪ್ರಯೋಗವಾಯಿತು. ಲಾಸ್ ಏಂಜಲೀಸಿನ ಒಂದು ಸಣ್ಣ ಹೊಲಿಗೆಯ ಕಾರ್ಖಾನೆಯಲ್ಲಿ ಐವರು ಹೆಂಗಸರು, ತಾವು ತೊಡಲಾರದಷ್ಟು ಸಣ್ಣ ಅಳತೆಯ, ಕೊಳ್ಳಲಾರದಷ್ಟು ಬೆಲೆಯ ಉಡುಪುಗಳನ್ನು ಹೊಲಿಯುತ್ತಾರೆ. ಹೊರಗೆ ಒಂದು ಬಂಡಿಯ ಸದ್ದಾದರೆ ಸರಕಾರದವರು ಹಿಡಿಯಲು ಬಂದರೇನೋ ಎಂದು ನಡುಗುತ್ತಾರೆ. ರಹದಾರಿಯಿಲ್ಲದ ಬಾಳಿನ ಅಂಜಿಕೆಯನ್ನೂ ಆ ದುಡಿಮೆಯನ್ನೂ ಲೇಖಕಿಯು ಸ್ವತಃ ಅನುಭವಿಸಿದ್ದವಳು.

‘ಲ್ಯಾಟಿನೋ ನಾಟಕ’ವೆಂದರೆ ಲ್ಯಾಟಿನೋ ಜನರ ಕಥೆಯೇ ಆಗಿರಬೇಕೆ? ಈ ಪ್ರಶ್ನೆಯನ್ನು ತನ್ನ ಬರವಣಿಗೆಯಿಂದಲೇ ಎತ್ತಿದವಳು ಮರಿಯಾ ಐರೀನ್ ಫೋರ್ನೆಸ್. ೧೯೩೦ರಲ್ಲಿ ಹವಾನಾದಲ್ಲಿ ಹುಟ್ಟಿ ೧೯೪೫ರಲ್ಲಿ ಅಮೆರಿಕಕ್ಕೆ ಬಂದ ಈಕೆಯ ೧೯೭೭ರ ಪ್ರಖ್ಯಾತ ನಾಟಕವಾದ ‘ಫೆಫು ಮತ್ತು ಅವಳ ಗೆಳತಿಯರು’ ಎಂಬುದರಲ್ಲಿ ಕ್ಯೂಬಾದ ಸುಳಿವೇ ಇಲ್ಲ. ಅದು ನ್ಯೂ ಇಂಗ್ಲೆಂಡಿನ ಎಂಟು ಮಂದಿ ಹೆಂಗಸರ ಕಥೆ. ಆದರೂ ಈ ಪರಂಪರೆಗೆ ಆಕೆಯಷ್ಟು ಉಪಕಾರ ಮಾಡಿದವರು ವಿರಳ. ೧೯೮೧ರಿಂದ ನ್ಯೂಯಾರ್ಕಿನ ‘ಇಂಟಾರ್’ ಸಂಸ್ಥೆಯಲ್ಲಿ ತರುಣ ಲೇಖಕರಿಗಾಗಿ ಆಕೆಯು ನಡೆಸಿದ ಅಭ್ಯಾಸಶಾಲೆಯಿಂದ ಚೆರೀ ಮೊರಾಗಾ, ಎಡ್ವರ್ಡೊ ಮಚಾದೊ, ನೀಲೋ ಕ್ರೂಸ್ ಮೊದಲಾದವರು ಹೊರಬಂದರು. ಇಂಥದನ್ನೇ ಬರೆಯಬೇಕೆಂದು ಆಕೆಯು ವಿಧಿಸಲಿಲ್ಲ. ಕಣ್ಣು ಮುಚ್ಚಿ ಕುಳಿತು, ಮನಸ್ಸಿನಲ್ಲಿ ಮೂಡಿದ ಚಿತ್ರವನ್ನು ನಿಟ್ಟಿಸಿ, ಅದರ ಮಾತನ್ನು ಕೇಳಿ ಬರೆಯುವ ಕ್ರಮವನ್ನು ಕಲಿಸಿದಳು.

ಆ ಶಿಷ್ಯರಲ್ಲಿ ನೀಲೋ ಕ್ರೂಸನು ೨೦೦೩ರಲ್ಲಿ ನಾಟಕಕ್ಕಾಗಿ ಪುಲಿಟ್ಜರ್ ಬಹುಮಾನವನ್ನು ಪಡೆದ ಮೊದಲನೆಯ ಲ್ಯಾಟಿನೋ ಲೇಖಕನಾದನು. ಅವನ ‘ಆನಾ ಇನ್ ದಿ ಟ್ರಾಪಿಕ್ಸ್’ ನಾಟಕವು ೧೯೨೯ರಲ್ಲಿ ಫ್ಲಾರಿಡಾದ ಕ್ಯೂಬನ್ ಚುಟ್ಟದ ಕಾರ್ಖಾನೆಯೊಂದರಲ್ಲಿ ನಡೆಯುತ್ತದೆ. ಚುಟ್ಟ ಸುತ್ತುವವರು ತಮ್ಮ ಕೂಲಿಯಿಂದ ಹಣವೆತ್ತಿ ಒಬ್ಬ ವಾಚಕನನ್ನು ನೇಮಿಸಿಕೊಂಡು, ದುಡಿಯುತ್ತ ದುಡಿಯುತ್ತ ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಕೇಳುವ ಪದ್ಧತಿಯು ಅಲ್ಲಿ ನಿಜವಾಗಿಯೂ ಇದ್ದಿತು. ೧೯೩೧ರಲ್ಲಿ ಟ್ಯಾಂಪಾದ ಕಾರ್ಖಾನೆಗಳಿಂದ ವಾಚಕರನ್ನು ತೆಗೆದುಹಾಕಲಾಯಿತು. ನಾಟಕದಲ್ಲಿ ವಾಚಕನು ಓದುವುದು ಟಾಲ್‌ಸ್ಟಾಯನ ‘ಆನ್ನಾ ಕರೆನಿನಾ’. ಅಕ್ಷರವನ್ನರಿಯದವರೂ ಆ ರಷ್ಯದ ಕಥೆಯಲ್ಲಿ ತಮ್ಮ ಸಂಸಾರದ ಸುಖದುಃಖಗಳನ್ನು ಕಂಡುಕೊಳ್ಳುತ್ತಾರೆ. ಕ್ಯೂಬಾದವರ ಕಾರ್ಖಾನೆ, ರಷ್ಯದ ಕಾದಂಬರಿ, ಇಂಗ್ಲಿಷಿನ ನಾಟಕ, ಈ ಮೂರೂ ಕೂಡಿದಲ್ಲಿ ಆ ಜನರ ಗುರುತು ಕರಗಿಹೋಗಲಿಲ್ಲ, ಮತ್ತಷ್ಟು ನಿಚ್ಚಳವಾಯಿತು. ೨೦೧೨ರಲ್ಲಿ ಅದೇ ಬಹುಮಾನವನ್ನು ಪಡೆದ ಕಿಯಾರಾ ಅಲೆಗ್ರಿಯಾ ಹ್ಯೂಡೀಸಳ ‘ವಾಟರ್ ಬೈ ದಿ ಸ್ಪೂನ್‌ಫುಲ್’ ಕೂಡ ಇದೇ ದಾರಿಯದು. ಇರಾಕಿನ ಯುದ್ಧದಿಂದ ಮರಳಿದ ಪೋರ್ಟೊ ರಿಕನ್ ತರುಣನ ಸಂಸಾರವೂ, ಮಾದಕದ್ರವ್ಯದ ಚಟದಿಂದ ಬಿಡಿಸಿಕೊಳ್ಳಲು ಒಬ್ಬರಿಗೊಬ್ಬರು ಆಸರೆಯಾಗುವ ನಾನಾ ಜನಾಂಗದ ಅಪರಿಚಿತರೂ ಅದರಲ್ಲಿ ಸೇರಿದ್ದಾರೆ.

ಹೀಗೆ ಬಾಗಿಲುಗಳು ತೆರೆದುವೆಂದು ಹೇಳಬಹುದು. ಲಿನ್ ಮನ್ವೆಲ್ ಮಿರಾಂಡಾನು ಸಂಗೀತ ಮತ್ತು ಗೀತಗಳನ್ನು ರಚಿಸಿ, ಹ್ಯೂಡೀಸಳು ಕಥೆಯನ್ನು ಬರೆದ ‘ಇನ್ ದಿ ಹೈಟ್ಸ್’ ೨೦೦೮ರಲ್ಲಿ ಬ್ರಾಡ್‌ವೇಯಲ್ಲಿ ಗೆದ್ದಿತು. ೨೦೧೫ರ ‘ಹ್ಯಾಮಿಲ್ಟನ್’ ನಾಟಕದಲ್ಲಿ ಅಮೆರಿಕವನ್ನು ಸ್ಥಾಪಿಸಿದ ಬಿಳಿಯ ಮಹಾಪುರುಷರ ವೇಷಗಳನ್ನು ಕರಿಯ ಮತ್ತು ಲ್ಯಾಟಿನೋ ನಟರು ಧರಿಸಿದರು. ಕೂಲಿಯವನು ಧಣಿಯ ಮುಖವಾಡವನ್ನು ತೊಟ್ಟ ಐವತ್ತು ವರ್ಷಗಳ ಮೇಲೆ ಈ ಮುಖವಾಡವೂ ಬದಲಾಯಿತು. ಆದರೆ ಹಳೆಯ ಪ್ರಶ್ನೆಯು ಸತ್ತಿರಲಿಲ್ಲ. ೨೦೦೯ರಲ್ಲಿ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಬ್ರಾಡ್‌ವೇಯಲ್ಲಿ ಮತ್ತೆ ಆಡಿದಾಗ, ಪೋರ್ಟೊ ರಿಕನ್ ಪಾತ್ರಗಳ ಕೆಲವು ಹಾಡುಗಳನ್ನೂ ಮಾತುಗಳನ್ನೂ ಮಿರಾಂಡಾನಿಂದ ಸ್ಪ್ಯಾನಿಷ್ ಭಾಷೆಗೆ ಮಾಡಿಸಿದ್ದರು. ಮನೆಯೊಳಗೆ ತಮ್ಮತಮ್ಮಲ್ಲಿ ಮಾತಾಡುವಾಗ ಆ ಹುಡುಗಿಯರು ತಮ್ಮ ಭಾಷೆಯನ್ನಾಡುವುದೇ ಸಹಜ. ಕೆಲವು ತಿಂಗಳುಗಳ ಮೇಲೆ ಆ ಹಾಡುಗಳ ಕೆಲವು ಭಾಗಗಳು ಮತ್ತೆ ಇಂಗ್ಲಿಷಿಗೆ ತಿರುಗಿದುವು.

ಈ ಚರಿತ್ರೆಯಿಂದ ಒಂದು ಮಾತು ವ್ಯಕ್ತವಾಗುತ್ತದೆ. ಜನಾಂಗದ ಗುರುತೆಂಬುದು ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದು ರಂಗದ ಮೇಲೆ ತೆಗೆದು ತೋರಿಸುವ ಒಡವೆಯಲ್ಲ. ಆಡುವವರ ಮತ್ತು ನೋಡುವವರ ನಡುವೆ ಪ್ರತಿಯೊಂದು ಸಲವೂ ಹೊಸದಾಗಿ ಏರ್ಪಡುವ ಸಂಬಂಧ. ಅದಕ್ಕಾಗಿ ದೊಡ್ಡ ರಂಗವೂ ಬೇಕು, ಸಣ್ಣ ರಂಗವೂ ಬೇಕು. ವಾಲ್ಡೆಸನ ಮಂಡಲಿಯು ೧೯೭೧ರಲ್ಲಿ ಸ್ಯಾನ್ ಹ್ವಾನ್ ಬಾಟಿಸ್ಟಾ ಎಂಬ ಸಣ್ಣ ಊರಿನಲ್ಲಿ ನೆಲೆಯೂರಿತು. ಬ್ರಾಡ್‌ವೇಯ ಸೋಲಾಗಲಿ ಚಲಚ್ಚಿತ್ರಗಳ ಕೀರ್ತಿಯಾಗಲಿ ಅದನ್ನು ಅಲ್ಲಿಂದ ಕದಲಿಸಲಿಲ್ಲ. ಕ್ರಿಸ್ತಜನನದ ಕಾಲದಲ್ಲಿ ಆ ಊರಿನ ಹಳೆಯ ಇಗರ್ಜಿಯಲ್ಲಿ ಅದು ಆಡುತ್ತ ಬಂದಿರುವುದು ಅದೇ ಕುರುಬರ ಕಥೆಯನ್ನು. ಅಲ್ಲಿ ಸೇರುವವರಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ.